ಎಡಗಾಲಿನ ಪೆಟ್ಟಿಗೆ, ಬಲಗಾಲಿನ ಪೆಟ್ಟಿಗೆ

ಅಥಣಿ
19 ಮೇ 2024

ಮಗಳು ಸಾನಿಯಾಳಿಗೆ ಲಗಮಾ ಮಾವಶಿಯ ಆಶೀರ್ವಾದ.

ನಿಂತಿದ್ದರೆ ಮೊದಲು ಕುಳಿತುಕೋ. ನಾನು ಅಮೆರಿಕಾಕ್ಕೆ ಹೊರಟಿದ್ದೇನೆ!

ನಗಬೇಡ, ನಿಜ. ವೀಸಾ ಅಂಟಿಸಿದ ಪಾಸ್‌ಪೋರ್ಟ್ ನಿನ್ನೆ ಕೈಸೇರಿತು. ಡೆನ್ವರ್ ಎಂಬ ಊರಿನಲ್ಲಿ ಕೈಕಸುಬಿನವರ ಮೇಳ ನಡೆಯುತ್ತದಂತೆ. ಹೋದ ದೀಪಾವಳಿಯ ಹೊತ್ತಿಗೆ ಅವರ ಕಡೆಯವಳೊಬ್ಬಳು ನಮ್ಮ ಓಣಿಗೆ ಬಂದು, ನಾನು ಚಪ್ಪಲಿಗೆ ತೊಗಲಿನ ಜಡೆಯಂಥ ವೇಣಿ ಹೆಣೆಯುವುದನ್ನು ಅರ್ಧ ದಿನ ಕುಳಿತು ನೋಡಿ ಹೋಗಿದ್ದಳು. ಅವಳೇ ನನ್ನ ಹೆಸರು ಕೊಟ್ಟವಳು. ಹೋಗಿ ಬರುವ ಟಿಕೆಟ್ಟೂ ಅವರದೇ.

ಮೂವತ್ತು ವರ್ಷ ವೇಣಿ ಹೆಣೆದೆ, ಅಟ್ಟೆಯ ಎರಡೂ ಬದಿಗೆ ಕಿವಿ ಹೊಲಿದೆ. ನಮ್ಮ ಓಣಿಯ ಚಪ್ಪಲಿಗಳು ಎಲ್ಲೆಲ್ಲಿಗೋ ಹೋದವು, ಡಬ್ಬಿಯ ಮೇಲೆ ಮಾತ್ರ ಯಾವಾಗಲೂ ಬೇರೆಯವರ ಹೆಸರು. ಈ ಸಲ ಅಂಗಡಿಯ ಹಲಗೆಯ ಮೇಲೆ ‘ಲಗಮವ್ವ, ಅಥಣಿ’ ಎಂದು ಬರೆಸುತ್ತಾರಂತೆ. ಹನ್ನೊಂದು ಮನೆಯ ಹೆಂಗಸರು ಸೇರಿ ನಲವತ್ತೆಂಟು ಜೋಡಿ ಮಾಡುತ್ತಿದ್ದೇವೆ. ಜುಲೈ ಹನ್ನೆರಡು, ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಅಂಗಡಿ ತೆರೆದಿರಬೇಕು. ಮೂರು ದಿನದ ಮೇಳ. ಚಲೋ ನಡೆದರೆ ಮುಂದಿನ ವರ್ಷ ನಮ್ಮ ಓಣಿಯಿಂದ ಇನ್ನಿಬ್ಬರನ್ನು ಕರೆಯುತ್ತಾರೆ. ಅಂದು ಅಂಗಡಿ ಖಾಲಿ ಕಂಡರೆ ಮತ್ತೆ ನಮ್ಮ ಓಣಿಯ ಕಡೆ ತಿರುಗಿಯೂ ನೋಡುವುದಿಲ್ಲ. ಹನ್ನೊಂದು ಮನೆಯವರ ಕಣ್ಣು ನನ್ನ ಮೇಲಿದೆ.

ಈಗ ನನ್ನ ಸಂಕಟ ಕೇಳು. ಮುಂಬೈಯಿಂದ ದೋಹಾ, ದೋಹಾದಿಂದ ಶಿಕಾಗೋ, ಶಿಕಾಗೋದಿಂದ ಡೆನ್ವರ್. ಮೂರು ವಿಮಾನ, ಎರಡು ಪೆಟ್ಟಿಗೆ, ನಾನೊಬ್ಬಳೇ. ಇದುವರೆಗೆ ನಾನು ಹತ್ತಿದ ದೊಡ್ಡ ವಾಹನ ಎಂದರೆ ಮೀರಜಿನ ರೈಲು. ನೀನು ದೋಹಾದ ವಿಮಾನ ನಿಲ್ದಾಣದಲ್ಲಿ, ಸಾಮಾನು ಕಳೆದುಕೊಂಡವರ ದೂರು ಬರೆದುಕೊಳ್ಳುತ್ತ ಕುಳಿತು ನಾಲ್ಕು ವರ್ಷವಾಯಿತು. ಚಿಕ್ಕಂದಿನಿಂದ ನನ್ನನ್ನು ಸ್ವಂತ ಚಿಕ್ಕಮ್ಮನಂತೆ ಮಾವಶಿ ಎಂದು ಕರೆದವಳು ನೀನು, ನಿನಗಿಂತ ತಿಳಿದವರು ನನಗೆ ಯಾರಿದ್ದಾರೆ? ಫೋನು ಮಾಡಬೇಡ. ಫೋನಿನಲ್ಲಿ ಕೇಳಿದ್ದು ನನ್ನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಡುತ್ತದೆ. ಕಾಗದದಲ್ಲಿ ಬರೆದು ಫೋಟೋ ತೆಗೆದು ಸೊಸೆ ಮನಿಷಾಳ ಮೊಬೈಲಿಗೆ ಕಳಿಸು, ಅವಳು ಮುದ್ರಿಸಿ ಕೊಡುತ್ತಾಳೆ. ಕೈಯಲ್ಲಿ ಕಾಗದವಿದ್ದರೆ ನನಗೆ ಧೈರ್ಯ.

ನಿಮ್ಮಪ್ಪ ದಸ್ತಗೀರಣ್ಣ ತಿಂಗಳಿಗೊಮ್ಮೆ ನಿಪ್ಪಾಣಿಯಿಂದ ತೊಗಲು ತರುತ್ತಾನೆ, ಚಹಾ ಕುಡಿಯುತ್ತಾನೆ, ಹೋಗುತ್ತಾನೆ. ನಿನ್ನ ಮಾತು ನಾನೂ ತೆಗೆಯುವುದಿಲ್ಲ, ಅವನೂ ತೆಗೆಯುವುದಿಲ್ಲ.

ನಿನ್ನ ಮಾವಶಿ
ಲಗಮವ್ವ

ದೋಹಾ
24 ಮೇ 2024

ಪ್ರೀತಿಯ ಲಗಮಾ ಮಾವಶಿ,

ನಿಮ್ಮ ಕಾಗದ ಓದಿ ಕೌಂಟರಿನಲ್ಲೇ ಕೂಗಿಬಿಟ್ಟೆ. ಎದುರಿಗೆ ಅಳುತ್ತ ಕುಳಿತಿದ್ದ ಗಿರಾಕಿಯೊಬ್ಬರು ತಮ್ಮ ಸೂಟ್‌ಕೇಸ್ ಸಿಕ್ಕಿತೆಂದು ಎದ್ದು ನಿಂತರು. ಅವರನ್ನು ಮತ್ತೆ ಕೂರಿಸಲು ಸಾಕುಸಾಕಾಯಿತು.

ಈಗ ಗಮನವಿಟ್ಟು ಓದಿ. ಇಮಿಗ್ರೇಶನ್ ಎಂದರೆ ಮನುಷ್ಯರ ತಪಾಸಣೆ, ಕಸ್ಟಮ್ಸ್ ಎಂದರೆ ಸಾಮಾನಿನ ತಪಾಸಣೆ. ಇವೆರಡನ್ನು ಬೇರೆಬೇರೆ ಎಂದು ತಿಳಿದುಕೊಂಡರೆ ಅರ್ಧ ಹೆದರಿಕೆ ಹೋಗುತ್ತದೆ.

ಮುಂಬೈಯಲ್ಲಿ ಪೆಟ್ಟಿಗೆಗಳನ್ನು ಕೊಟ್ಟಾಗ ಎರಡು ಸಣ್ಣ ಚೀಟಿ ಕೊಡುತ್ತಾರೆ. ಪೆಟ್ಟಿಗೆ ಕಳೆದರೂ ಆ ಚೀಟಿ ಕಳೆಯಬಾರದು. ದೋಹಾದಲ್ಲಿ ಪೆಟ್ಟಿಗೆಯನ್ನು ಹುಡುಕಬೇಡಿ, ಅದು ತಾನಾಗಿ ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗುತ್ತದೆ. ಇಲ್ಲಿ ನಿಮಗೆ ಇಮಿಗ್ರೇಶನ್ ಕೂಡ ಇಲ್ಲ. ಕೈಚೀಲದ ತಪಾಸಣೆ ಮುಗಿಸಿ ಗೇಟಿಗೆ ಬನ್ನಿ.

ಶಿಕಾಗೋದಲ್ಲಿ ಎಲ್ಲಾ ಉಲ್ಟಾ. ಅಮೆರಿಕಾದಲ್ಲಿ ಕಾಲಿಟ್ಟ ಮೊದಲ ನಿಲ್ದಾಣದಲ್ಲೇ, ಮುಂದೆ ಇನ್ನೊಂದು ವಿಮಾನವಿದ್ದರೂ, ಪೆಟ್ಟಿಗೆಯನ್ನು ನೀವೇ ಬೆಲ್ಟಿನಿಂದ ಇಳಿಸಿಕೊಳ್ಳಬೇಕು. ಮೊದಲು ಇಮಿಗ್ರೇಶನ್: ಫೋಟೋ, ಬೆರಳಚ್ಚು, ಏಕೆ ಬಂದಿರಿ ಎಂಬ ಪ್ರಶ್ನೆ. ಆಮೇಲೆ ಬೆಲ್ಟಿನಿಂದ ಎರಡೂ ಪೆಟ್ಟಿಗೆ. ಆಮೇಲೆ ಕಸ್ಟಮ್ಸ್. ಹೊರಗೆ ಬಂದ ಕೂಡಲೇ ಎದುರಿಗೆ ಇನ್ನೊಂದು ಬೆಲ್ಟು ಇರುತ್ತದೆ, ಡೆನ್ವರ್ ಎಂದು ಹೇಳಿ ಪೆಟ್ಟಿಗೆಗಳನ್ನು ಅಲ್ಲಿ ಮತ್ತೆ ಒಪ್ಪಿಸಿ. ‘ಮುಂಬೈಯಾಗ ಡೆನ್ವರ್ ತನಕ ಅಂತ ಹೇಳ್ಯಾರ’ ಎಂದು ಬಿಟ್ಟು ಹೋಗುವವರೇ ಬಹಳ. ನನ್ನ ಅರ್ಧ ಗಿರಾಕಿಗಳು ಅವರೇ.

ತೊಗಲು ಕೊಯ್ಯುವ ರಂಪಿಗೆ, ತೂತು ಹೊಡೆಯುವ ಆರಿ ಎಲ್ಲಾ ಪೆಟ್ಟಿಗೆಯಲ್ಲಿರಲಿ. ಕೈಚೀಲದಲ್ಲಿ ಕಂಡರೆ ಕಸಿದುಕೊಳ್ಳುತ್ತಾರೆ. ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಒಯ್ಯಬಹುದು. ಹಣ್ಣು, ಬೀಜ, ತೊಗಟೆ ಬೇಡ. ಯಾವುದನ್ನೂ ಮುಚ್ಚಿಡಬೇಡಿ, ಕೇಳಿದರೆ ತೆರೆದು ತೋರಿಸಿ.

ಕೊನೆಯದಾಗಿ, ವಿಮಾನ ತಪ್ಪಿಸಿಕೊಳ್ಳಬೇಡಿ. ಸಾಮಾನು ಹಿಂದೆ ಉಳಿದರೆ ನಾನು ಹುಡುಕಿ ಕೊಡುತ್ತೇನೆ. ನೀವು ಹಿಂದೆ ಉಳಿದರೆ ಹುಡುಕುವ ಕೌಂಟರು ನನ್ನ ಬಳಿ ಇಲ್ಲ. ಮೊದಲು ನೀವು, ಆಮೇಲೆ ಪೆಟ್ಟಿಗೆ.

ನಿಮ್ಮ
ಸಾನಿಯಾ

ಅಥಣಿ
18 ಜೂನ್ 2024

ಸಾನಿಯಾ,

ನಿನ್ನ ಕಾಗದವನ್ನು ಮನಿಷಾ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ತಂದಿದ್ದಾಳೆ. ದಿನಾ ಸಂಜೆ ತಾಲೀಮು ನಡೆಯುತ್ತದೆ. ಅವಳು ಕಿಟಕಿಯ ಆಚೆ ಸಾಹೇಬಳಾಗಿ ಕುಳಿತು, ‘ಯಾಕ ಬಂದೀರಿ ಅಮೆರಿಕಾಕ್ಕ?’ ಎಂದು ಗದರಿಸುತ್ತಾಳೆ. ನಾನು, ‘ಚಪ್ಪಲಿ ತೋರಿಸಾಕ ಬಂದೀನ್ರಿ’ ಎನ್ನುತ್ತೇನೆ. ನಿನ್ನೆ ಓಣಿಯ ಹೆಂಗಸರೆಲ್ಲ ನೋಡಲು ಬಂದು, ಸಾಹೇಬರಿಗೆ ಚಪ್ಪಲಿ ತೋರಿಸುತ್ತೇನೆ ಎಂದರೆ ಜೈಲಿಗೆ ಹಾಕುತ್ತಾರೆ ಎಂದು ಹೊಟ್ಟೆ ಹಿಡಿದು ನಕ್ಕರು.

ನನ್ನ ಮೈದುನ ಉತ್ತಮ ಒಮ್ಮೆ ಮುಂಬೈ ನಿಲ್ದಾಣಕ್ಕೆ ಯಾರನ್ನೋ ಕರೆತರಲು ಹೋಗಿದ್ದ. ಅಂದಿನಿಂದ ಅವನೇ ಪಂಡಿತ. ‘ವೈನಿ, ಪೆಟಗಿ ಪಟ್ಟಾದ ಮ್ಯಾಲ ತಿರಗತಾವ. ಯಾರ ಬೇಕಾದ್ರೂ ಎತ್ತಕೊಂಡು ಹೋಗಬಹುದು. ಕೇಳಾವ್ರು ಯಾರೂ ಇಲ್ಲ!’ ಎಂದ. ಇದು ನಿಜವೇ? ನೀನು ಇದನ್ನು ಬರೆಯಲೇ ಇಲ್ಲ. ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಮೂರನೆಯ ದಿನ ಕಳ್ಳರಿಗೆ ಒಂದು ಮದ್ದು ಹೊಳೆಯಿತು. ಎಂಥಾ ಮದ್ದೆಂದು ಈಗ ಹೇಳುವುದಿಲ್ಲ, ಡೆನ್ವರಿನಿಂದ ಬರೆಯುತ್ತೇನೆ. ದಸ್ತಗೀರಣ್ಣ ಬಕ್ರೀದಿನ ಹಿಂದಿನ ದಿನ ತೊಗಲು ತಂದಾಗ ಅವನಿಗಷ್ಟೇ ಹೇಳಿದೆ. ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಆಮೇಲೆ ಚಹಾದ ಕಪ್ಪನ್ನು ತಿರುಗಿಸುತ್ತ ಕುಳಿತ, ಚಹಾ ಆರಿಹೋಯಿತು.

ಒಂದು ಪೆಟ್ಟಿಗೆಗೆ ಕೆಂಪು ಬಟ್ಟೆ, ಇನ್ನೊಂದಕ್ಕೆ ಹಸಿರು ಬಟ್ಟೆ ಕಟ್ಟಿದ್ದೇನೆ. ಜುಲೈ ಎಂಟರಂದು ನಿನ್ನ ದೋಹಾದಲ್ಲಿ ಎರಡು ತಾಸು ಇರುತ್ತೇನೆ. ಮುಖ ತೋರಿಸು.

ಲಗಮವ್ವ

ದೋಹಾ
22 ಜೂನ್ 2024

ಮಾವಶಿ,

ಎಂಟರಂದು ನನ್ನದು ಬೆಳಗಿನ ಡ್ಯೂಟಿ. ಐದು ನಿಮಿಷವಾದರೂ ಓಡಿ ಬರುತ್ತೇನೆ.

ಉತ್ತಮಕಾಕಾ ಹೇಳಿದ್ದು ಸುಳ್ಳಲ್ಲ, ಆದರೆ ಅಷ್ಟು ಹೆದರಬೇಕಿಲ್ಲ. ಕಳ್ಳತನಕ್ಕಿಂತ ಅದಲುಬದಲಾಗುವುದೇ ಹೆಚ್ಚು. ನಿಮ್ಮ ಮದ್ದು ಏನೆಂದು ದಯವಿಟ್ಟು ಹೇಳಿ. ಪೆಟ್ಟಿಗೆಗೆ ಸರಪಳಿ ಸುತ್ತುವುದು, ಮೊಳೆ ಹೊಡೆಯುವುದು ಏನಾದರೂ ಇದ್ದರೆ ಈಗಲೇ ಬಿಡಿ.

ಅಬ್ಬಾ ಹೇಗಿದ್ದಾರೆ ಎಂದು ನಾನು ಕೇಳುತ್ತಿಲ್ಲ. ನಾನು ದೋಹಾದ ಈ ಕೆಲಸಕ್ಕೆ ಹೊರಟಾಗ ‘ಹೋಗೋದಾದ್ರ ಹೋಗು, ಹೊಳ್ಳಿ ಈ ಹೊಸ್ತಿಲ ತುಳೀಬ್ಯಾಡ’ ಎಂದವರು ಅವರು. ಅಮ್ಮಿ ವಾರಕ್ಕೊಮ್ಮೆ ಅಡುಗೆಮನೆಯಿಂದ ಫೋನು ಮಾಡುತ್ತಾಳೆ, ನನಗೆ ಅಷ್ಟು ಸಾಕು. ಆದರೆ ಅವರು ಅಷ್ಟು ನಕ್ಕರು ಎಂದು ಓದಿ ನನಗೂ ನಗಬೇಕೆನಿಸಿತು.

ಸಾನಿಯಾ

ಡೆನ್ವರ್
9 ಜುಲೈ 2024

ಮಗಳೇ,

ನಾನು ಬಂದು ಮುಟ್ಟಿದೆ. ಎಡಗಾಲಿನ ಪೆಟ್ಟಿಗೆಯೂ ಮುಟ್ಟಿತು. ಬಲಗಾಲಿನ ಪೆಟ್ಟಿಗೆ ಮುಟ್ಟಿಲ್ಲ. ಏನು ಹೇಳುತ್ತಿದ್ದಾಳೆ ಈ ಮುದುಕಿ ಎನ್ನುತ್ತೀಯಾ? ಮೊದಲಿನಿಂದ ಹೇಳುತ್ತೇನೆ, ಬೈಯಲು ಅವಸರ ಮಾಡಬೇಡ.

ವಿಮಾನ ಮೇಲಕ್ಕೇರಿದಾಗ ನಾನು ಕೂಗಿದೆ. ಹೆದರಿ ಅಲ್ಲ, ಖುಷಿಗೆ! ಪಕ್ಕದ ಮನುಷ್ಯ ನನ್ನನ್ನು ಹಿಡಿದುಕೊಂಡ. ದೋಹಾದಲ್ಲಿ ಯೂನಿಫಾರ್ಮಿನಲ್ಲಿ ಓಡಿ ಬಂದ ಹುಡುಗಿ ನೀನೆಂದು ನನಗೆ ಗೊತ್ತೇ ಆಗಲಿಲ್ಲ. ‘ಮಾವಶಿ’ ಎಂದು ಕೂಗಿದ ಮೇಲೆ ಗುರುತು ಹತ್ತಿತು. ನಾನು ಕೊಟ್ಟ ಗಂಟು ಬಿಚ್ಚಿ, ಕೆಂಪು ಗೊಂಡೆಯ ಎಡಗಾಲಿನ ಚಪ್ಪಲಿ ನೋಡಿ, ‘ಇನ್ನೊಂದ ಎಲ್ಲಿ?’ ಎಂದು ನೀನು ಕೇಳಿದೆಯಲ್ಲ. ‘ಅದು ಪೆಟಿಗ್ಯಾಗ ಉಳೀತವ್ವ, ಹೊಳ್ಳಿ ಬರುವಾಗ ಕೊಡ್ತೇನಿ’ ಎಂದು ನಾನು ಹೇಳಿದೆ.

ಇನ್ನು ಶಿಕಾಗೋ. ಇಮಿಗ್ರೇಶನ್ ಕಿಟಕಿಯಲ್ಲಿ ಪ್ರಶ್ನೆಗೆಲ್ಲ ತಾಲೀಮಿನಂತೆ ಉತ್ತರ ಕೊಟ್ಟೆ. ಮೇಳದವರ ಪತ್ರ ತೋರಿಸಿದೆ. ಆಮೇಲೆ ಗಾಜಿನ ಮೇಲೆ ಬೆರಳಿಟ್ಟೆ. ದೀಪ ಹತ್ತಲಿಲ್ಲ. ಇನ್ನೊಮ್ಮೆ ಇಟ್ಟೆ, ಇಲ್ಲ. ಮೂವತ್ತು ವರ್ಷ ಆರಿ ಹಿಡಿದ ಬೆರಳಲ್ಲಿ ಗೆರೆ ಎಲ್ಲಿಂದ ಬರಬೇಕು? ಸಾಹೇಬ ಇನ್ನೊಬ್ಬ ಸಾಹೇಬನನ್ನು ಕರೆದ, ಅವನು ನನ್ನನ್ನು ಬದಿಯ ಕೋಣೆಯಲ್ಲಿ ಕೂರಿಸಿದ. ಗಡಿಯಾರ ಓಡುತ್ತಿತ್ತು. ನಮ್ಮ ರೇಷನ್ ಅಂಗಡಿಯ ಮಷಿನ್ನಿನಲ್ಲೂ ನನ್ನದು ಇದೇ ಕಥೆ. ಅಲ್ಲಿಯ ಮಾಳೇಶ ಹೇಳಿಕೊಟ್ಟದ್ದು ನೆನಪಾಗಿ, ಎಣ್ಣೆ ಹಚ್ಚಿದ ತಲೆಗೆ ಬೆರಳು ತಿಕ್ಕಿ ಒತ್ತಿದೆ. ದೀಪ ಹತ್ತಿತು! ಸಾಹೇಬ ನನ್ನ ತಲೆಯನ್ನೊಮ್ಮೆ, ಗಾಜನ್ನೊಮ್ಮೆ ನೋಡಿ ನಕ್ಕುಬಿಟ್ಟ. ಅಷ್ಟರಲ್ಲಿ ಒಂದು ತಾಸಿಗೂ ಮೇಲೆ ಹೋಗಿತ್ತು.

ಬೆಲ್ಟಿನ ಬಳಿ ಕೆಂಪು ಬಟ್ಟೆಯ ಪೆಟ್ಟಿಗೆ ನಿಂತಿತ್ತು. ಹಸಿರು ಬಟ್ಟೆಯದು ಕಾಣಲಿಲ್ಲ. ಸುತ್ತಿದೆ, ಬಗ್ಗಿದೆ, ಪರರ ಪೆಟ್ಟಿಗೆಗಳನ್ನೆಲ್ಲ ತಿರುವಿದೆ. ಕೆಲಸದವಳೊಬ್ಬಳು ನನ್ನ ಟಿಕೆಟ್ ನೋಡಿ, ಕೈಗಡಿಯಾರ ಬಡಿದು ತೋರಿಸಿ, ಬಾಗಿಲ ಕಡೆ ಓಡು ಎಂದಳು. ನಿನ್ನ ಕಾಗದದ ಕೊನೆಯ ಸಾಲು ನೆನಪಾಯಿತು: ಮೊದಲು ನೀವು, ಆಮೇಲೆ ಪೆಟ್ಟಿಗೆ. ಕೆಂಪನ್ನು ಎಳೆದುಕೊಂಡು ಓಡಿದೆ.

ಕಸ್ಟಮ್ಸಿನಲ್ಲಿ ಒಬ್ಬ ಎತ್ತರದ ಸಾಹೇಬ ಪೆಟ್ಟಿಗೆ ತೆರೆಸಿದ. ಒಂದು ಚಪ್ಪಲಿ ತೆಗೆದ, ಎರಡು ತೆಗೆದ, ಹತ್ತು ತೆಗೆದ. ಎಲ್ಲಾ ಎಡಗಾಲಿನವು! ನನ್ನ ಮದ್ದು ಅದೇ ಸಾನಿಯಾ. ಎಡಗಾಲಿನ ನಲವತ್ತೆಂಟು ಒಂದು ಪೆಟ್ಟಿಗೆಯಲ್ಲಿ, ಬಲಗಾಲಿನ ನಲವತ್ತೆಂಟು ಇನ್ನೊಂದರಲ್ಲಿ. ಯಡೂರಿನ ಗುಡಿಗೆ ಹೋದಾಗ ನಾವೆಲ್ಲ ಒಂದು ಚಪ್ಪಲಿ ಇಲ್ಲಿ, ಇನ್ನೊಂದು ಅಲ್ಲಿ ಬಿಡುವುದಿಲ್ಲವೇ? ಒಂದೇ ಕಾಲಿನದನ್ನು ಯಾವ ಕಳ್ಳ ಒಯ್ಯುತ್ತಾನೆ?

ಇದನ್ನು ಆ ಸಾಹೇಬನಿಗೆ ಹೇಗೆ ಹೇಳುವುದು? ನನ್ನ ಕಾಲಿನವನ್ನು ಕಳಚಿ ಒಂದನ್ನು ಅವನ ಮೇಜಿನ ಬಳಿ, ಇನ್ನೊಂದನ್ನು ದೂರದ ಕಂಬದ ಬುಡದಲ್ಲಿ ಇಟ್ಟೆ. ಕೈಮುಗಿದು ಗುಡಿಯೊಳಗೆ ಹೋದಂತೆ ಮಾಡಿದೆ. ಆಮೇಲೆ ಕಳ್ಳನಾಗಿ ಬಂದು, ಒಂದನ್ನೆತ್ತಿ, ಜೋಡಿ ಹುಡುಕಿ, ಸಿಗದೆ ಹಣೆ ಚಚ್ಚಿಕೊಂಡು ಹೋದಂತೆ ಮಾಡಿದೆ. ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಸಾಹೇಬ ಜಾಲಿಯ ತೊಗಟೆಯ ಚೂರನ್ನು ಮಾತ್ರ ತೆಗೆದುಕೊಂಡ. ಹೌದು, ನೀನು ಬೇಡವೆಂದಿದ್ದೆ, ತೊಗಲು ಹದ ಮಾಡುವುದು ಹೇಗೆಂದು ಜನರಿಗೆ ತೋರಿಸಬೇಕೆಂದು ನಾನೇ ತಂದಿದ್ದೆ. ಚಪ್ಪಲಿಗಳನ್ನು ಅವನು ಒಂದೊಂದಾಗಿ ಎರಡೂ ಕೈಯಿಂದ ಹಿಡಿದು ಮರಳಿ ಜೋಡಿಸಿದ. ನಮ್ಮ ಕಡೆ ದೊಡ್ಡವರು ಕಾಲಿನಿಂದ ಸರಿಸಿ, ‘ಇದ ತೋರ್ಸು’ ಎನ್ನುತ್ತಾರೆ. ನನಗೆ ಅಳು ಬಂತು.

ಆದರೆ ಇಲ್ಲಿಗೆ ಬಂದು ಒಂದು ದಿನವಾಯಿತು, ಹಸಿರು ಪೆಟ್ಟಿಗೆಯ ಸುದ್ದಿ ಇಲ್ಲ. ರಂಪಿಗೆ, ಆರಿ, ಅಟ್ಟೆಯ ತೊಗಲು ಎಲ್ಲಾ ಅದರಲ್ಲೇ. ಇಲ್ಲಿ ಕುಳಿತು ಹೊಸದು ಮಾಡುವ ಹಾಗೂ ಇಲ್ಲ. ಶುಕ್ರವಾರಕ್ಕೆ ಮೂರು ದಿನ. ಹುಡುಕಿ ಕೊಡುತ್ತೇನೆ ಎಂದಿದ್ದೆ, ಹುಡುಕು. ಚೀಟಿಯ ಫೋಟೋ ಕಳಿಸಿದ್ದೇನೆ.

ಲಗಮವ್ವ

ದೋಹಾ
10 ಜುಲೈ 2024

ಮಾವಶಿ,

ನಿಮಗೇನಾಗಿತ್ತು! ನಾಲ್ಕು ವರ್ಷದಲ್ಲಿ ಎಂಥೆಂಥಾ ದೂರು ಬರೆದುಕೊಂಡಿದ್ದೇನೆ, ನಲವತ್ತೆಂಟು ಬಲಗಾಲು ಕಳೆದಿವೆ ಎಂದು ಬರೆದದ್ದು ಇದೇ ಮೊದಲು.

ಪೆಟ್ಟಿಗೆ ಶಿಕಾಗೋದಲ್ಲೇ ಇದೆ. ಹಸಿರು ಬಟ್ಟೆ ಬಿಚ್ಚಿಹೋಗಿದೆ, ಅದಕ್ಕೇ ನಿಮಗೆ ಕಂಡಿಲ್ಲ. ಒಡೆಯರು ಬಾರದ್ದರಿಂದ ಕಸ್ಟಮ್ಸಿನವರು ತೆರೆದಿದ್ದಾರೆ. ಅವರಿಗೆ ಅನುಮಾನ ಬಂದದ್ದು ಇಲ್ಲೇ. ಸುಂಕ ತಪ್ಪಿಸುವ ವ್ಯಾಪಾರಿಗಳು ಇದೇ ಆಟ ಆಡುತ್ತಾರೆ, ಬಲಗಾಲಿನವನ್ನು ಒಂದು ದಾರಿಯಲ್ಲಿ, ಎಡಗಾಲಿನವನ್ನು ಇನ್ನೊಂದು ದಾರಿಯಲ್ಲಿ ಕಳಿಸಿ ಆಮೇಲೆ ಜೋಡಿ ಮಾಡುತ್ತಾರೆ. ಕಳ್ಳರಿಂದ ತಪ್ಪಿಸಿಕೊಳ್ಳಲು ಹೋಗಿ ನೀವೇ ಕಳ್ಳರ ಸಾಲಿನಲ್ಲಿ ನಿಂತಿದ್ದೀರಿ. ನಿಮ್ಮ ನಾಟಕ ನೋಡಿದ ಸಾಹೇಬರ ಪಾಳಿ ಮುಗಿದಿದೆ, ಈಗಿನವರಿಗೆ ಏನೂ ಗೊತ್ತಿಲ್ಲ.

ಹೀಗೆ ಬೇರೆ ಮಾಡಿದ್ದು ಏಕೆ ಎಂದು ನಿಮ್ಮದೇ ಮಾತಿನಲ್ಲಿ ಬರೆದು ಕಳಿಸಿ. ನಾನು ಇಂಗ್ಲಿಷ್ ಮಾಡಿ, ನಿಮ್ಮ ಸಹಿಯೊಂದಿಗೆ ಅಲ್ಲಿಗೆ ಮುಟ್ಟಿಸುತ್ತೇನೆ. ತಡ ಮಾಡಬೇಡಿ.

ಇನ್ನೊಂದು ಮಾತು, ಇದನ್ನು ಹೇಳದೆ ನಿದ್ದೆ ಬರುವುದಿಲ್ಲ. ನಾನು ಒಮ್ಮೆಯೂ ವಿಮಾನ ಬದಲಿಸಿದವಳಲ್ಲ. ಮುಂಬೈಯಿಂದ ದೋಹಾಕ್ಕೆ ಒಮ್ಮೆ ಬಂದೆ, ಅಷ್ಟೇ, ಹೊಳ್ಳಿ ಕೂಡ ಹೋಗಿಲ್ಲ. ನಿಮಗೆ ಬರೆದದ್ದೆಲ್ಲ ಕೌಂಟರಿನ ಹಿಂದೆ ಕುಳಿತು ಕಲಿತದ್ದು. ಆ ಕೊನೆಯ ಸಾಲು ಚಂದ ಕಾಣಲೆಂದು ಬರೆದೆ. ಪೆಟ್ಟಿಗೆ ಸಿಗದಿದ್ದರೆ ಅಲ್ಲೇ ದೂರು ಬರೆಸಿ, ಮುಂದಿನ ವಿಮಾನಕ್ಕೆ ಹೋಗಿ ಎಂದು ಬರೆಯಬೇಕಿತ್ತು. ತಪ್ಪು ನನ್ನದು.

ನನ್ನ ಬಲಗಾಲಿನದು ಪೆಟ್ಟಿಗೆಯಲ್ಲಿ ಏಕೆ ಉಳಿಯಿತೆಂದು ಈಗ ತಿಳಿಯಿತು!

ಸಾನಿಯಾ

ಡೆನ್ವರ್
10 ಜುಲೈ 2024

ಶಿಕಾಗೋದ ಕಸ್ಟಮ್ಸ್ ಸಾಹೇಬರಿಗೆ ಅಥಣಿಯ ಲಗಮವ್ವನ ನಮಸ್ಕಾರ.

ಆ ಪೆಟ್ಟಿಗೆ ನನ್ನದು. ಅದರಲ್ಲಿ ಬಲಗಾಲಿನ ಚಪ್ಪಲಿಗಳಿವೆ. ಎಡಗಾಲಿನವು ನನ್ನ ಹತ್ತಿರ ಇವೆ, ಫೋಟೋ ಇಟ್ಟಿದ್ದೇನೆ. ಬೇಕಾದರೆ ಕೂಡಿಸಿ ನೋಡಿರಿ. ಪ್ರತಿ ಚಪ್ಪಲಿಯ ಕಿವಿಯ ಒಳಬದಿಯಲ್ಲಿ ಹೊಲಿದವಳ ಗುರುತಿನ ದಾರವಿದೆ. ಒಂದೊಂದು ಮನೆಗೆ ಒಂದೊಂದು ಬಣ್ಣ, ಹನ್ನೊಂದು ಮನೆ, ಹನ್ನೊಂದು ಬಣ್ಣ. ಎಡಕ್ಕಿರುವ ದಾರವೇ ಬಲಕ್ಕೂ ಇದೆ. ಜೋಡಿ ಸುಳ್ಳು ಹೇಳುವುದಿಲ್ಲ.

ನಮ್ಮ ಕಡೆ ಗುಡಿಗೆ, ಮದುವೆಗೆ ಹೋದವರು ಒಂದು ಚಪ್ಪಲಿಯನ್ನು ಬಾಗಿಲಲ್ಲಿ, ಇನ್ನೊಂದನ್ನು ಗಿಡದ ಕೆಳಗೆ ಬಿಡುತ್ತಾರೆ. ಒಂಟಿ ಚಪ್ಪಲಿಯನ್ನು ಯಾರೂ ಮುಟ್ಟುವುದಿಲ್ಲ. ಅಂಗಡಿಯ ಹೊರಗೆ ತೂಗುಹಾಕುವುದೂ ಒಂದನ್ನೇ. ನಾನು ಅದೇ ಬುದ್ಧಿ ಓಡಿಸಿದೆ. ವಿಮಾನದವರಿಗೆ ಇದು ಗೊತ್ತಿಲ್ಲ ಎಂದು ನನಗೆ ಹೊಳೆಯಲಿಲ್ಲ. ಪೆಟ್ಟಿಗೆ ಬಿಟ್ಟು ಬಂದದ್ದು ನನ್ನ ತಪ್ಪು, ಮುಚ್ಚಿಡುವ ಉದ್ದೇಶವಿರಲಿಲ್ಲ. ಮೇಳದವರ ಪತ್ರ ಜೊತೆಗಿದೆ.

ಹನ್ನೊಂದು ಮನೆಯವರು ಏಳು ವಾರ ಕುಳಿತು ಮಾಡಿದ್ದು, ಸಾಹೇಬರೇ. ಶುಕ್ರವಾರ ಹತ್ತಕ್ಕೆ ಅಂಗಡಿ ತೆರೆಯಬೇಕು. ಕಳಿಸಿಕೊಡಿರಿ.

ಲಗಮವ್ವ

ಡೆನ್ವರ್
12 ಜುಲೈ 2024

ಸಾನಿಯಾ, ಸಾನಿಯಾ!

ಬೆಳಗ್ಗೆ ಒಂಬತ್ತೂವರೆಗೆ ಪೆಟ್ಟಿಗೆ ಬಂದಿರಲಿಲ್ಲ. ಮೇಳ ನಡೆಸುವ ದೊಡ್ಡಮ್ಮ ಬಂದು ನನ್ನ ಹಲಗೆಯನ್ನೇ ನೋಡುತ್ತ ನಿಂತಳು. ನನ್ನ ಸಹಾಯಕ್ಕೆ ಕಾಜಲ ಎಂಬ ಹುಡುಗಿಯನ್ನು ಕೊಟ್ಟಿದ್ದಾರೆ. ಮೀರಜಿನವಳು, ಇಲ್ಲಿ ಓದುತ್ತಾಳೆ, ನಾವಿಬ್ಬರೂ ಮರಾಠಿಯಲ್ಲಿ ಮಾತಾಡುತ್ತೇವೆ. ‘ಇವತ್ತು ಅಂಗಡಿ ಮುಚ್ಚೋಣವೇ ಎಂದು ಕೇಳುತ್ತಿದ್ದಾರೆ’ ಎಂದಳು ಕಾಜಲ. ನನಗೆ ಸಿಟ್ಟು ಬಂತು. ಮುಚ್ಚಲು ಇಷ್ಟು ದೂರ ಬಂದೆನೇ? ಅಥಣಿಯ ಅಂಗಡಿಗಳಲ್ಲಿ ಹೊರಗೆ ತೂಗುವುದು ಒಂದೇ ಕಾಲಿನದಲ್ಲವೇ? ನಲವತ್ತೆಂಟು ಎಡಗಾಲುಗಳನ್ನು ಸಾಲಾಗಿ ತೂಗುಹಾಕಿದೆ. ‘ಎಡ ಇವತ್ತು ಒಯ್ಯಿರಿ, ಬಲ ಬಂದ ಮೇಲೆ ಬರ್ರಿ, ರೊಕ್ಕ ಆಗ ಕೊಡ್ರಿ’ ಎಂದು ಕಾಜಲಳಿಂದ ಇಂಗ್ಲಿಷಿನಲ್ಲಿ ಬರೆಸಿದೆ.

ಮೊದಲು ಬಂದವಳು ಬೆಳ್ಳಿ ಕೂದಲಿನ, ಕೋಲು ಹಿಡಿದ ಮುದುಕಿ. ಓದಿದಳು, ಎರಡು ಸಲ ಓದಿದಳು. ಒಂದು ಕಾಲಿನ ನೀಲಿ ಬೂಟು ಕಳಚಿ ಚೀಲಕ್ಕೆ ಹಾಕಿ, ನಮ್ಮದನ್ನು ಮೆಟ್ಟಿ ಕರಕರ ಎಂದು ನಡೆದೇಬಿಟ್ಟಳು. ಕಾಜಲ ಹೆದರಿ, ‘ಹೊಳ್ಳಿ ಬಾರದಿದ್ದರೆ?’ ಎಂದಳು. ಒಂಟಿ ಚಪ್ಪಲಿ ಇಟ್ಟುಕೊಂಡು ಅವಳೇನು ಮಾಡುತ್ತಾಳೆ ಎಂದೆ. ಮಧ್ಯಾಹ್ನದ ಹೊತ್ತಿಗೆ ಇಡೀ ಮೇಳದಲ್ಲಿ ಒಂದು ಕಾಲಿಗೆ ಅಥಣಿ, ಇನ್ನೊಂದು ಕಾಲಿಗೆ ಏನೇನೋ ಮೆಟ್ಟಿಕೊಂಡ ಜನ! ಒಬ್ಬರನ್ನೊಬ್ಬರು ಕಂಡು ನಗುತ್ತಾರೆ, ಕಾಲು ಎತ್ತಿ ತೋರಿಸುತ್ತಾರೆ, ಎಲ್ಲಿ ಸಿಕ್ಕಿತೆಂದು ಕೇಳಿ ನನ್ನ ಕಡೆ ಬರುತ್ತಾರೆ. ಸಂಜೆಗೆ ಮೂವತ್ತೊಂದು ಎಡಗಾಲು ಹೋದವು.

ಆದರೆ ಮಗಳೇ, ಈಗ ಮೊದಲಿಗಿಂತ ಹೆಚ್ಚು ಹೆದರಿಕೆ. ಆಗ ಖಾಲಿ ಅಂಗಡಿಯ ಭಯವಿತ್ತು. ಈಗ ಮೂವತ್ತೊಂದು ಜನಕ್ಕೆ ಮಾತು ಕೊಟ್ಟಿದ್ದೇನೆ. ಭಾನುವಾರ ಸಂಜೆ ಮೇಳ ಮುಗಿಯುತ್ತದೆ.

ಲಗಮವ್ವ

ದೋಹಾ
13 ಜುಲೈ 2024

ಮಾವಶಿ,

ಬಿಟ್ಟರು! ಬಿಟ್ಟರು!

ನಿಮ್ಮ ಕಾಗದ ಓದಿ ಅವರು ಚಪ್ಪಲಿಯ ಕಿವಿಯೊಳಗಿನ ದಾರ ನೋಡಿದ್ದಾರೆ. ನೀವು ಕಳಿಸಿದ ಎಡಗಾಲಿನ ಫೋಟೋಗಳ ಪಕ್ಕದಲ್ಲಿಟ್ಟು ಬಣ್ಣಕ್ಕೆ ಬಣ್ಣ ಕೂಡಿಸಿದ್ದಾರೆ. ನಾಳೆ ಬೆಳಗಿನ ವಿಮಾನಕ್ಕೆ ಪೆಟ್ಟಿಗೆ ಡೆನ್ವರಿಗೆ ಹೊರಡುತ್ತದೆ, ಮೇಳದ ಜಾಗಕ್ಕೇ ತಂದು ಕೊಡುತ್ತಾರೆ. ನಮ್ಮ ಕೌಂಟರಿನವರೆಲ್ಲ ನಿಮ್ಮ ಕಾಗದವನ್ನು ಗೋಡೆಗೆ ಹಚ್ಚಿದ್ದೇವೆ.

ಒಳಗಿನ ಸಾಮಾನಿನ ಪಟ್ಟಿ ಬಂದಿದೆ. ಉಪಕರಣಗಳ ಸುರುಳಿ ಒಂದು, ತೊಗಲಿನ ತುಂಡುಗಳು, ಶೇಂಗಾ ಹಿಂಡಿಯ ಡಬ್ಬಿ ಎರಡು, ಬಲಗಾಲಿನ ಚಪ್ಪಲಿ ನಲವತ್ತೆಂಟು. ನನ್ನದೂ ಸೇರಿ ನಲವತ್ತೊಂಬತ್ತು ಇರಬೇಕಿತ್ತಲ್ಲ? ಕೆಂಪು ಗೊಂಡೆಯದು ಪಟ್ಟಿಯಲ್ಲಿಲ್ಲ. ಎರಡು ಸಲ ಎಣಿಸಿ ನೋಡಿ ಎಂದು ಅವರನ್ನು ಕೇಳಿದೆ, ಇಲ್ಲವೆಂದರು. ಅಷ್ಟೂ ಚಪ್ಪಲಿಗಳಲ್ಲಿ ಕಳುವಾದದ್ದು ನನ್ನದೊಂದೇ. ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ.

ಸಾನಿಯಾ

ಡೆನ್ವರ್
14 ಜುಲೈ 2024

ಮಗಳೇ ಸಾನಿಯಾ,

ಬೆಳಗ್ಗೆ ಹನ್ನೊಂದಕ್ಕೆ ಪೆಟ್ಟಿಗೆ ಬಂತು. ಕಾಜಲ ಮೈಕಿನಲ್ಲಿ, ‘ಬಲಗಾಲು ಬಂದಿದೆ’ ಎಂದು ಹೇಳಿದಳು. ನೀನು ನೋಡಬೇಕಿತ್ತು! ಜನ ಸಾಲು ಹಚ್ಚಿದರು. ಇನ್ನೊಂದು ಕಾಲಿನ ಬೂಟನ್ನು ಕೈಯಲ್ಲಿ ಹಿಡಿದು, ಒಂಟಿ ಕಾಲಿನಲ್ಲಿ, ಪಕ್ಕದವರ ಹೆಗಲು ಹಿಡಿದು ನಿಂತಿದ್ದಾರೆ. ಒಳಗಿನ ದಾರದ ಬಣ್ಣ ನೋಡಿ ಜೋಡಿ ಹುಡುಕಿ ಕೊಡುತ್ತಿದ್ದೆ. ಒಬ್ಬೊಬ್ಬರಿಗೂ ಅದನ್ನು ಹೊಲಿದವಳ ಹೆಸರು ಹೇಳಿದೆ. ನೀಲಿ ಬೂಟಿನ ಮುದುಕಿ ಎರಡೂ ಕಾಲಿಗೆ ಮೆಟ್ಟಿಕೊಂಡು ಅಂಗಡಿಯ ಮುಂದೆ ಕುಣಿದಳು. ನಾನೂ ಕುಣಿದೆ. ನಲವತ್ತೆಂಟೂ ಹೋದವು. ಮೇಳದ ದೊಡ್ಡಮ್ಮ ಮುಂದಿನ ವರ್ಷಕ್ಕೆ ಮೂವರ ಹೆಸರು ಕೇಳಿದ್ದಾಳೆ.

ಇಷ್ಟು ಸಂತೋಷದ ದಿನ ನಿನಗೆ ಒಂದು ಸುಳ್ಳಿನ ಲೆಕ್ಕ ಒಪ್ಪಿಸಬೇಕು. ಮಂಗಳವಾರ ದೋಹಾದಲ್ಲಿ ಇಳಿಯುತ್ತೇನೆ, ಆದರೆ ಎದುರಿಗೆ ನಿಂತು ಹೇಳುವ ಧೈರ್ಯ ನನಗಿಲ್ಲ. ನಿನ್ನ ಬಲಗಾಲಿನದು ಕಳುವಾಗಿಲ್ಲ. ಅದು ಆ ಪೆಟ್ಟಿಗೆಯಲ್ಲಿ ಇರಲೇ ಇಲ್ಲ.

ನನ್ನ ಮದ್ದು ಕೇಳಿ ದಸ್ತಗೀರಣ್ಣ ನಕ್ಕು, ಆಮೇಲೆ ಚಹಾ ಆರಿಸಿಕೊಂಡು ಕುಳಿತ ಎಂದು ಬರೆದಿದ್ದೆನಲ್ಲ. ಮರುವಾರ ಒಂದು ಮೆತ್ತನೆಯ ತೊಗಲು ತಂದು, ‘ಇದು ಮಾರಾಕಲ್ಲ, ಸಾನಿಯಾನ ಅಳತಿಗಿ ಮಾಡು’ ಎಂದ. ಅಳತೆ ಕೇಳಿದರೆ ಕಿಸೆಯಿಂದ ಹಳೆಯ ಕಾಗದ ತೆಗೆದ. ನೀನು ಹೋಗುವ ವರ್ಷ ರಮಜಾನಿಗೆಂದು ಬರೆದಿಟ್ಟುಕೊಂಡ ನಿನ್ನ ಪಾದದ ಗೆರೆ. ನಾಲ್ಕು ವರ್ಷ ಕಿಸೆಯಲ್ಲಿತ್ತು. ಜೋಡಿ ಮುಗಿಸಿ ಎರಡನ್ನೂ ಬಟ್ಟೆಯಲ್ಲಿ ಕಟ್ಟುತ್ತಿದ್ದೆ. ನನ್ನ ಕೈಯಿಂದ ಬಲಗಾಲಿನದನ್ನು ತೆಗೆದುಕೊಂಡ.

‘ಇದು ನನ್ನ ಹಂತ್ಯಾಕ ಇರ್ಲಿ, ಲಗಮವ್ವ. ಎರಡೂ ಕೊಟ್ರ ಅಕಿ ಅಲ್ಲೇ ಮೆಟ್ಟಿಕೊಂಡು ಓಡ್ಯಾಡ್ತಾಳ.’

‘ಬಾ ಅಂತ ಒಂದ ಮಾತ ಹೇಳಬಾರದೇನೋ ಅಣ್ಣಾ?’ ಎಂದೆ.

‘ನಾ ಹ್ಯಾಂಗ ಹೇಳ್ಲಿ? ಬರಬ್ಯಾಡ ಅಂದಾವ ನಾನ ಅಲ್ಲ?’ ಎಂದು ಮುಖ ತಿರುಗಿಸಿದ.

ಅದು ನಿಪ್ಪಾಣಿಯಲ್ಲಿ, ಅವನ ಅಂಗಡಿಯ ಗಲ್ಲಾದ ಮೇಲೆ ತೂಗುತ್ತಿದೆ. ನಿನಗೆ ಹೇಳಬೇಡ ಎಂದು ನನ್ನಿಂದ ಆಣೆ ಮಾಡಿಸಿದ್ದ. ಮುರಿದಿದ್ದೇನೆ.

ನಿನ್ನ ಮಾವಶಿ
ಲಗಮವ್ವ

ದೋಹಾ
3 ಆಗಸ್ಟ್ 2024

ಪ್ರೀತಿಯ ಮಾವಶಿ,

ಜುಲೈ ಹದಿನಾರರಂದು ಡ್ಯೂಟಿ ಇದೆ, ಬರಲಾಗುವುದಿಲ್ಲ ಎಂದು ಹೇಳಿ ಕಳಿಸಿದ್ದೆ. ಸುಳ್ಳು. ಕಂಬದ ಹಿಂದೆ ನಿಂತು ನೀವು ಗೇಟಿನ ತನಕ ಹೋಗುವುದನ್ನು ನೋಡಿದೆ. ನಿಮ್ಮ ಮೇಲೆ ಸಿಟ್ಟಿತ್ತು, ಅಬ್ಬಾನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿತ್ತು. ಅಷ್ಟು ದೂರದಿಂದ ಒಂದು ಚಪ್ಪಲಿ ಕಳಿಸುವವರಿಗೆ ಒಂದು ಫೋನು ಮಾಡಲು ಏನಾಗಿತ್ತು? ಆಮೇಲೆ ನಾನಾದರೂ ಯಾವ ಫೋನು ಮಾಡಿದೆ ಎಂದು ಯೋಚಿಸಿ, ರೂಮಿನಲ್ಲಿ ಆ ಎಡಗಾಲಿನದನ್ನು ಮೆಟ್ಟಿಕೊಂಡು ಹದಿನೈದು ದಿನ ಓಡಾಡಿದೆ. ಸರಿಯಾಗಿ ಕೂತಿದೆ, ಒಂದು ನೂಲಿನಷ್ಟೂ ಹೆಚ್ಚುಕಡಿಮೆ ಇಲ್ಲ.

ಆಗಸ್ಟ್ ಹತ್ತಕ್ಕೆ ಟಿಕೆಟ್ ತೆಗೆದಿದ್ದೇನೆ. ಅಬ್ಬಾನಿಗೆ ಮುಂಚೆ ಹೇಳಬೇಡಿ, ಈ ಆಣೆಯನ್ನಾದರೂ ಮುರಿಯಬೇಡಿ. ಮೊದಲ ಸಲ ನಾನೂ ವಿಮಾನ ಬದಲಿಸುತ್ತೇನೆ. ನಿಮಗೆ ಬರೆದದ್ದನ್ನೇ ನನಗೂ ಬರೆದುಕೊಂಡಿದ್ದೇನೆ: ಮುಂಬೈ ಮೊದಲ ನಿಲ್ದಾಣ. ಅಲ್ಲಿ ಇಮಿಗ್ರೇಶನ್. ಬೆಲ್ಟಿನಿಂದ ಪೆಟ್ಟಿಗೆಯನ್ನು ನಾನೇ ಇಳಿಸಿಕೊಳ್ಳಬೇಕು. ಕಸ್ಟಮ್ಸ್ ದಾಟಿ, ಕೊಲ್ಲಾಪುರದ ವಿಮಾನಕ್ಕೆ ಮತ್ತೆ ಒಪ್ಪಿಸಬೇಕು. ಕೊಲ್ಲಾಪುರದಿಂದ ನಿಪ್ಪಾಣಿಗೆ ಬಸ್ಸು. ‘ಮೊದಲು ನೀವು, ಆಮೇಲೆ ಪೆಟ್ಟಿಗೆ’ ಎಂಬ ಕೊನೆಯ ಆ ಸಾಲನ್ನು ಮಾತ್ರ ಹೊಡೆದುಹಾಕಿದ್ದೇನೆ.

ಎಡಗಾಲಿನದು ಪೆಟ್ಟಿಗೆಯಲ್ಲಿಲ್ಲ, ಕೈಚೀಲದಲ್ಲಿದೆ. ಮುಂಬೈಯ ಸಾಹೇಬರು ತೆರೆದು ನೋಡಿ ಇನ್ನೊಂದೆಲ್ಲಿ ಎಂದು ಕೇಳಿಯೇ ಕೇಳುತ್ತಾರೆ. ನಿಮ್ಮ ಹಾಗೆ ನಾಟಕ ಮಾಡಲು ನನಗೆ ಬಾರದು. ನಮ್ಮಪ್ಪನ ಹತ್ತಿರ ಇದೆ, ತರಲು ಹೊರಟಿದ್ದೇನೆ ಎನ್ನುತ್ತೇನೆ.

ನಿಮ್ಮ
ಸಾನಿಯಾ